ಬೆಂಕಿ ಕಾಣದ ಚರಟ

ಔಷಧಬೀದಿ, ಝಾಂಗ್‌ಶು
ಒಂಬತ್ತನೇ ತಿಂಗಳ ಹನ್ನೆರಡು, 1986

ಗಾನ್ ನದಿಯ ಆಚೆ ದಡದಲ್ಲಿ, ತಂಗಿಯ ಮನೆಯಲ್ಲಿ ಬಿಡಾರ ಹೂಡಿರುವ ಪರಮಪೂಜ್ಯ ಅಜ್ಜಿಯವರ ಸನ್ನಿಧಿಗೆ,

ಮೊಮ್ಮಗಳು ಶಿಯಾವ್‌ಮಾನ್ ಮೂರು ಸಲ ಹಣೆಯನ್ನು ನೆಲಕ್ಕೆ ತಾಗಿಸಿ (ಮೂರನೆಯದು ಸ್ವಲ್ಪ ಜೋರಾಗಿಯೇ ತಾಗಿತು) ಮಾಡುವ ಬಿನ್ನಹ. ತಾತನ ಎಪ್ಪತ್ತರ ಹುಟ್ಟುಹಬ್ಬದಲ್ಲಿ ತಾವು ಕುದಿಸಿದ ಸಾರನ್ನು ಅವರು ನೆಂಟರ ಎದುರು ಉಗಿದು, ತಾವು ಮುನಿದು ದೋಣಿ ಹತ್ತಿ ಇಪ್ಪತ್ತಾರು ದಿನಗಳಾದವು. ನಾನೊಂದು ಕಾಗದ ಬರೆಯಲಿಲ್ಲ. ತಪ್ಪಾಯಿತು. ಶಾವಿಗೆ ಅಂಗಡಿಯ ತಾನ್ ಅತ್ತೆ ಪ್ರತಿ ಸಂತೆಗೂ ನದಿ ದಾಟಿ ಬೀದಿಯ ಸುದ್ದಿಯನ್ನೆಲ್ಲ ತಮ್ಮ ಕಿವಿಗೆ ಹಾಕುವಾಗ ಅಂಚೆಯವನಿಗೆ ಯಾಕೆ ತೊಂದರೆ ಎಂದುಕೊಂಡಿದ್ದೆ. ಆದರೆ ಮಹಾ ಅನಾಹುತ ನಡೆದಿದೆ. ತಾನ್ ಅತ್ತೆಯ ಗಂಟಲು ಕಟ್ಟಿದೆ! ಹತ್ತು ದಿನದಿಂದ ಬರೀ ಕೈಸನ್ನೆ. ಬಾಯಿಲ್ಲದ ಮೇಲೆ ಸಂತೆಗೆ ಹೋಗಿ ಏನು ಸುಖವೆಂದು ಮನೆಯಲ್ಲೇ ಇದ್ದಾರೆ. ಮೊನ್ನೆ ಯಾರದೋ ಮದುವೆ ಮುರಿದ ಕಥೆಯನ್ನು ಸೌಟು ಬೀಸಿ ಅಭಿನಯಿಸುವಾಗ ಗಿರಾಕಿಯೊಬ್ಬರ ಬಟ್ಟಲು ನೆಲ ಸೇರಿತು.

ಇನ್ನು ಘನವಾದ ವಿಷಯ. ತಾತನ ಹೊಟ್ಟೆ ಮುಷ್ಕರ ಹೂಡಿದೆ. ಬೆಳಗ್ಗೆ ಕುಡಿದ ಅರ್ಧ ಬಟ್ಟಲು ಗಂಜಿ ಸಂಜೆಯವರೆಗೂ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿರುತ್ತದೆ. ನಾನೇ ಔ ವೈದ್ಯರ ಬಳಿ ಎಳೆದುಕೊಂಡು ಹೋದೆ. ಅವರು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಎಂದು ನಾನು ಬಗ್ಗಿ ನೋಡಬೇಕಾಯಿತು.

"ಅನ್ನ ಅರಗಿಸೋ ಗುಲ್ಮ ಸೊರಗಿದೆ. ಕೂತು ಕೂತು ಯೋಚನೆ ಮಾಡೋರಿಗೆ ಹೀಗಾಗುತ್ತೆ. ಏನಯ್ಯಾ ನಿಯೆ, ಯಾರನ್ನ ನೆನೆಸ್ಕೊಳ್ತಾ ಇದೀಯಾ?"

"ಯಾರನ್ನೂ ಇಲ್ಲಪ್ಪ. ಮಳೆ ಬರುತ್ತೋ ಇಲ್ವೋ ಅಂತ ಯೋಚಿಸ್ತಿದ್ದೆ."

"ಹದಿನೈದು ದಿನದಿಂದಾನಾ?"

ಬರೆದುಕೊಟ್ಟದ್ದು 'ನಾಲ್ವರು ಸಜ್ಜನರ ಕಷಾಯ': ಜಿನ್ಸೆಂಗ್ ಬೇರು, ಇನ್ನೊಂದು ಬೇರಿನ ಬಿಲ್ಲೆ, ಪೈನ್ ಮರದ ಬುಡದ ಅಣಬೆಗಡ್ಡೆಯ ಬಿಳಿ ತುಂಡು, ಅತಿಮಧುರ. ನಾಲ್ವರನ್ನೂ ನಾನು ಹೊಸ್ತಿಲಲ್ಲೇ ಬಗ್ಗಿ ಬರಮಾಡಿಕೊಂಡೆ. ಕುದಿಸಲು ಮಾತ್ರ ತಾತ ಬಿಡಲಿಲ್ಲ.

"ನಿನ್ನ ಕೈಗೆ ಮಡಕೆ ಕೊಟ್ರೆ ಐದನೇ ಸಜ್ಜನನನ್ನೂ ಸೇರಿಸಿಬಿಡ್ತೀಯ."

ನನಗೆ ಯಾಕೋ ಕೆಮ್ಮು ಬಂತು.

ಅಂದಿನಿಂದ ದಿನಾ ಬೆಳಗ್ಗೆ ತಾತ ಮಡಕೆ ಹೊತ್ತು ಹೋಗಿ ಚರಟವನ್ನು ಬೀದಿಗೆ ಸುರಿಯುತ್ತಿದ್ದರು. ದಾರಿಹೋಕರು ತುಳಿದು ತುಳಿದು ರೋಗ ಹೊತ್ತುಕೊಂಡು ಹೋಗಲಿ ಅಂತ ಎಲ್ಲರೂ ಸುರಿಯುವುದೇ. ಆದರೆ ಎಲ್ಲರೂ ತಮ್ಮ ಮನೆಯ ಮುಂದೆ. ತಾತ ಮಾತ್ರ ನಾಲ್ಕು ಮನೆ ದಾಟಿ, ತಾನ್ ಅತ್ತೆಯ ಅಂಗಡಿಯ ಎದುರಿಗೇ. ರಾಶಿ ಬೆಳೆಯಿತು. ತಾತ ಇಳಿದುಹೋದರು.

ನಿನ್ನೆ ಔ ವೈದ್ಯರು ಶಾವಿಗೆ ತಿನ್ನಲು ಬಂದವರು ಊರುಗೋಲಿನಿಂದ ಆ ರಾಶಿಯನ್ನು ಕೆದಕಿದರು. ಬಗ್ಗಿದರು. ಮೂಸಿದರು.

"ಈ ಬಿಳಿ ತುಂಡಿನ ಮೂಲೆ ನೋಡ್ರೋ, ಈಗ ಚಾಕು ಇಟ್ಟ ಹಾಗಿದೆ. ಇದು ಬೆಂಕಿ ಮುಖಾನೇ ನೋಡಿಲ್ಲ!"

ತಾತ ಖಾಲಿ ಮಡಕೆ ಹಿಡಿದು ಅಲ್ಲೇ ನಿಂತಿದ್ದರು. "ನೆನೆಹಾಕಿದ್ದೆ."

"ನೆನೆಹಾಕಿ?"

"ಸುರಿದೆ."

"ಕುಡಿಯೋದು ಯಾರು, ಬೀದಿನಾ?"

ತಾತ ಮಡಕೆಯ ಒಳಗೆ ನೋಡುತ್ತ ಹೇಳಿದರು: "ತಾನ್ ನೋಡ್ಲಿ ಅಂತ. ಇವಳು ನೋಡಿದ್ರೆ ನದಿಯಾಚೆ ಅವಳಿಗೆ ತಲುಪುತ್ತೆ. ಔಷಧಿ ಕುಡಿದು ಹೊಟ್ಟೆ ಸರಿಹೋದ್ರೆ ಅವಳು ಯಾಕೆ ಬರ್ತಾಳೆ?"

ಮೊದಲ ಮಡಕೆ ಸುರಿದ ಮರುದಿನವೇ ಆ ಗಂಟಲು ಕೈಕೊಟ್ಟಿತ್ತು, ಪಾಪ! ಇವತ್ತಲ್ಲ ನಾಳೆ ತೆರೆದೀತೆಂದು ತಾತ ಸುರಿಯುತ್ತಲೇ ಇದ್ದರು. ತಾನ್ ಅತ್ತೆ ಎರಡೂ ಕೈಯಿಂದ ಕತ್ತು ಹಿಡಿದುಕೊಂಡು ಸದ್ದಿಲ್ಲದೆ ನಕ್ಕರು, ಆಮೇಲೆ ಸದ್ದಿಲ್ಲದೆ ಅತ್ತರು. ಬೀದಿಯೆಲ್ಲ ಗೊಳ್ಳೆಂದಿತು. ತಾತನ ಕಿವಿ ಹಬೆ ಬಡಿದ ಏಡಿಯಂತೆ ಕೆಂಪಾಯಿತು.

ವೈದ್ಯರು ಅಲ್ಲೇ ಕೂತು ಹೊಸ ಚೀಟಿ ಬರೆದರು. ಯಥಾವತ್ ನಕಲು ಹೀಗಿದೆ: 'ಮಣ್ಣಿನ ಜಾಡಿಯಲ್ಲಿ ಕುದಿಸಿದ ಪಕ್ಕೆಲುಬಿನ ಸಾರು, ದಿನಕ್ಕೊಂದು ಬಟ್ಟಲು. ಕುದಿಸತಕ್ಕವರು ನಿಯೆ ಮನೆಯಾಕೆ. ಬದಲಿ ಸಾಮಗ್ರಿ ನಡೆಯುವುದಿಲ್ಲ.'

ಚಿಕ್ಕಜ್ಜಿಗೆ ನನ್ನ ನಮಸ್ಕಾರ, ಅವರ ಬಾತುಕೋಳಿಗಳಿಗೂ. ತಮ್ಮ ಮೊಣಕಾಲು ನೋವಿಲ್ಲದಿರಲಿ, ನದಿ ತಣ್ಣಗಿರಲಿ, ತಾವು ಬರುವ ದಿನ ದೋಣಿಯವನು ಹಾಡದಿರಲಿ.

ತಮ್ಮ ಪಾದಧೂಳಿ,
ಶಿಯಾವ್‌ಮಾನ್

ತಾ.ಕ.: ಅಜ್ಜಿ, ಇಲ್ಲಿಗೆ ತಾವು ಗೀವು ಸಾಕು. ಹುಟ್ಟುಹಬ್ಬದ ದಿನ ತಾತನ ಬಟ್ಟಲಿಗೆ ಹಳದಿ ಕಹಿಬೇರಿನ ತುಂಡು ಹಾಕಿದವಳು ನಾನು. ಮುಖ ಕಿವುಚುತ್ತಾರೆ, ಎಲ್ಲರೂ ನಗೋಣ ಅಂತ. ಅವರು ಉಗಿದರು; ನೀನು ಜಾಡಿಯನ್ನು ಒಲೆಯಿಂದ ಇಳಿಸಿ, ಒಳಗೆ ಹೋಗಿ ಬಟ್ಟೆ ಗಂಟು ಕಟ್ಟಿದೆ. ನನಗೆ ಬಾಯಿ ಬರಲಿಲ್ಲ. ತಾತನಿಗೆ ಬಟ್ಟಲಿನ ತಳದಲ್ಲಿ ಆ ತುಂಡು ಸಿಕ್ಕಿತ್ತು. ನನ್ನ ಕಡೆ ನೋಡಿ, ಅದನ್ನು ಜೇಬಿಗೆ ಹಾಕಿಕೊಂಡರು.

ನಿನ್ನೆ ಕೇಳಿದೆ: ತಾತಾ, ಅಜ್ಜಿಗೆ ಯಾಕೆ ಹೇಳಲಿಲ್ಲ?

"ಹೇಳಿದ್ರೆ ನಿನ್ನ ಮೇಲೆ ಸಿಟ್ಟಾಗ್ತಿದ್ಲು. ನನಗಾದ್ರೆ ಅವಳ ಸಿಟ್ಟು ಐವತ್ತು ವರ್ಷದ ಅಭ್ಯಾಸ."

ತಾತ ಜೇಬಿನಿಂದ ತೆಗೆದುಕೊಟ್ಟ ಆ ತುಂಡು ಈ ಲಕೋಟೆಯಲ್ಲಿದೆ. ಬಂದು ನನ್ನ ಬಟ್ಟಲಿಗೆ ಹಾಕು. ಬೀದಿಯವರೆಲ್ಲರ ಎದುರು ಕೊನೆಯ ಗುಟುಕಿನವರೆಗೂ ಕುಡಿಯುತ್ತೇನೆ. ತಾನ್ ಅತ್ತೆ ಚರಟದ ರಾಶಿಯನ್ನು ಗುಡಿಸಲು ಯಾರನ್ನೂ ಬಿಡುತ್ತಿಲ್ಲ, ಸೌಟು ಹಿಡಿದು ಕಾವಲಿದ್ದಾರೆ. ಬೀದಿಯವರು ತುಳಿದದ್ದರಿಂದ ತಾತನ ಹೊಟ್ಟೆಗೆ ಏನೂ ಗುಣವಾಗಲಿಲ್ಲ. ಮನೆಗೆ ಬರುವ ದಾರಿಯಲ್ಲೇ ಇದೆ, ಒಂದು ಸಲ ನೀನು ತುಳಿದು ಬಾ.