ಎಂಬತ್ತಮೂರನೇ ನಂಬರಿನ ಏಳು ಸೆಕೆಂಡು

ಮಾರ್ಚ್ 10, ಮಂಗಳವಾರ

ಬೆಳಿಗ್ಗೆ ವಾಚಿಗೂ ಫೋನಿಗೂ ತಾಳೆ ನೋಡಿದೆ. ಮೂರು ಸೆಕೆಂಡು ಹಿಂದಿತ್ತು, ಸರಿಮಾಡಿದೆ. ಪೆನ್ಸಿಲ್ ಚೂಪು ಮಾಡಿಟ್ಟೆ. ಇವರು ಪೇಪರಿನ ಹಿಂದಿನಿಂದಲೇ, "ಮೂವತ್ನಾಲ್ಕು ವರ್ಷ ಬಸ್ ಎಣಿಸಿದ್ದು ಸಾಲ್ಲಿಲ್ವಾ? ಈಗ ಸೈಕಲ್ ಬೇರೆ!" ಎಂದರು. ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿದ್ದವಳಿಗೆ ರಿಟೈರ್ ಆದಮೇಲೂ ಕೈ ತುರಿಸುತ್ತದೆ. ಗಂಡನಿಗೆ ಅದು ಅರ್ಥವಾಗುವುದಿಲ್ಲ.

ನಾಳೆಯಿಂದ ಐದು ದಿನ ಹೆಂಗಸರ ಸೈಕಲ್ ರೇಸ್. ಟೀವಿಯವರು ತೋರಿಸುವುದಿಲ್ಲ. ಅದಕ್ಕೇ ದಾರಿಯುದ್ದಕ್ಕೂ ನಿಂತು ನೋಡುವವರೇ ಒಂದು ಪೇಜ್ ಮಾಡಿಕೊಂಡಿದ್ದೇವೆ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ದಾಟಿದರು — ಕಂಡ ಕೂಡಲೇ ಹಾಕುವುದು. ನೂರ ಹನ್ನೆರಡು ಜನ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಸೇತುವೆಯ ಬಳಿ ಬೇಕರಿಯವರೊಬ್ಬರು. ಪೇಜ್ ನೋಡಿಕೊಳ್ಳುವವನು "ಗಾಳಿಪಟ" ಅಂತ ಹೆಸರಿಟ್ಟುಕೊಂಡಿದ್ದಾನೆ. ನನ್ನನ್ನು ಸೇರಿಸಿದ್ದು ಸೊಸೆ. ಗುರುವಾರ ರೇಸ್ ನಮ್ಮ ಬೀದಿಯ ಏರು ಹತ್ತುತ್ತದೆ. ಗೇಟೇ ನನ್ನ ಜಾಗ.

ಮಾರ್ಚ್ 12, ಗುರುವಾರ, ಬೆಳಿಗ್ಗೆ 11.05

ಗೇಟಿನ ಮುಂದೆ ಮಡಿಸುವ ಕುರ್ಚಿ, ತಲೆಗೆ ಇವರ ಹಳೇ ಟೋಪಿ. ಬೇಕರಿಯವರು ಹಾಕಿದ್ದಾರೆ: ಮುಂದೆ ನಾಲ್ವರು, ಗುಂಪು ಎರಡು ನಿಮಿಷ ಹಿಂದೆ. ಇಲ್ಲಿಗೆ ಇನ್ನು ಹತ್ತು ನಿಮಿಷ. ನಿಮಿಷಕ್ಕೊಮ್ಮೆ ವಾಚು ನೋಡುತ್ತಿದ್ದೇನೆ. ಮೊದಲ ದಿನ ಡ್ಯೂಟಿಗೆ ಹೋದಾಗಲೂ ಹೀಗಾಗಿರಲಿಲ್ಲ.

11.50

ತೊಂಬತ್ತೊಂದು ಜನ. ಒಬ್ಬರನ್ನೂ ಬಿಟ್ಟಿಲ್ಲ!

ಗುಂಪು ದಾಟಿದ ಕೂಡಲೇ ನೋಡುವವರೆಲ್ಲ ಮನೆ ಸೇರಿದರು. ನಾನು ಏಳಲಿಲ್ಲ. ಕೊನೇ ಬಸ್ ಬಾರದೆ ರಿಜಿಸ್ಟರ್ ಮುಚ್ಚಿ ಅಭ್ಯಾಸವಿಲ್ಲ. ಬಹಳ ಹೊತ್ತಿನ ಮೇಲೆ ಒಬ್ಬಳೇ ಬಂದಳು. ಎಲ್ಲೋ ಬಿದ್ದಿದ್ದಾಳೆ, ಮೊಣಕೈಯಿಂದ ರಕ್ತ. ಅವಳ ಟೀಮಿನ ಕಾರು ಪಕ್ಕಕ್ಕೆ ಬಂತು. ಕಿಟಕಿ ಹಿಡಿದಳು. ಎಣಿಸಿದೆ. ಬಿಟ್ಟಳು. ಹಲ್ಲು ಕಚ್ಚಿಕೊಂಡು ತುಳಿದಳು... ತಿರುವಿನಾಚೆ ಮರೆಯಾಗುವವರೆಗೆ ನೋಡಿದೆ.

ಬರೆದುಕೊಂಡದ್ದು: 83 — 11.31.40 — ಬಿಳಿ ಸೈಕಲ್ — ಎಡ ಮೊಣಕೈ ಗಾಯ — ಕಾರಿನ ಕಿಟಕಿ, 7 ಸೆಕೆಂಡು.

ಪೇಜಿಗೆ ಹಾಕಿದ್ದು ಮುಂದಿನವರ ಸಮಯ ಮಾತ್ರ. ಕೊನೆಯವಳನ್ನು ಯಾರು ಕೇಳುತ್ತಾರೆ.

ಸಂಜೆ 4.45

83ನ್ನು ರೇಸಿನಿಂದ ಹೊರಗೆ ಹಾಕಿದ್ದಾರೆ. ಸೇತುವೆಯಲ್ಲೂ ಏರಿನ ತುದಿಯಲ್ಲೂ ಅವಳ ಸಮಯ ಹಿಡಿಯುವ ಚಿಪ್ ದಾಖಲಾಗಿಲ್ಲವಂತೆ. ತೀರ್ಪುಗಾರರೊಬ್ಬರು ಅವಳನ್ನು ಕಾರಿನ ಪಕ್ಕ ಕಂಡಿದ್ದರಂತೆ. ಎರಡನ್ನೂ ಕೂಡಿಸಿ, ಏರನ್ನು ಕಾರಿನಲ್ಲೇ ಹತ್ತಿದ್ದಾಳೆ ಎಂದುಬಿಟ್ಟರು! ಪೇಜಿನಲ್ಲಿ ಯಾರುಯಾರೋ ನುಗ್ಗಿ ಕಳ್ಳಿ, ಮೋಸಗಾತಿ ಎಂದು ಬಾಯಿಗೆ ಬಂದದ್ದು ಬರೆಯುತ್ತಿದ್ದಾರೆ.

ಸೊಸೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ಚೀಲ ಕೆಳಗಿಡದೆ ಪೇಜಿನಲ್ಲಿದ್ದ ಬೆಳಗಿನ ಫೋಟೋ ತೆರೆದಳು.

"ಅತ್ತೆ, ಹೊರಡುವಾಗ ಇವಳದು ಕೆಂಪು ಸೈಕಲ್. ನೀವು ನೋಡಿದ್ದು ಬಿಳಿ. ಬಿದ್ದಮೇಲೆ ಬದಲಾಯಿಸಿದ್ದಾಳೆ. ಚಿಪ್ ಇರೋದು ಸೈಕಲ್ಲಿಗೆ, ಅದು ಮುರಿದ ಸೈಕಲ್ ಜೊತೆ ಕಾರಿನ ಮೇಲೆ ಕೂತಿದೆ. ಅಷ್ಟೇ ಆಗಿರೋದು!"

ಏಳು ಗಂಟೆಯೊಳಗೆ ಸಾಕ್ಷಿ ಕೊಟ್ಟರೆ ಮತ್ತೆ ನೋಡುತ್ತಾರಂತೆ. ಗಾಳಿಪಟ ಎಲ್ಲರನ್ನೂ ಕೂಗಿದ್ದಾನೆ: 83 ಯಾರ ಕಣ್ಣಿಗೆ ಬಿದ್ದಿದ್ದಾಳೆ? ಫೋಟೋದ ಮೂಲೆ ಮೂಲೆ ಹುಡುಕಿ.

6.10

ಸಿಗುತ್ತಿವೆ! ಬೇಕರಿಯವರು ತಮ್ಮ ಮಗಳ ಫೋಟೋ ತೆಗೆದಿದ್ದಾರೆ, ಹಿಂದೆ ಬಿಳಿ ಸೈಕಲ್ಲಿನ ಚಕ್ರ, ರಕ್ತದ ಮೊಣಕೈ. ಏರಿನ ತುದಿಯ ಔಷಧಿ ಅಂಗಡಿಯ ಕ್ಯಾಮೆರಾದಲ್ಲಿ 83 ಸ್ಪಷ್ಟ. ನಡುವಿನ ಮೂರು ಕಿಲೋಮೀಟರ್ ಖಾಲಿ. ಆ ಖಾಲಿಯಲ್ಲಿ ಇರುವವಳು ನಾನೊಬ್ಬಳೇ.

83 ದಾಟಿದ್ದು ಬರೆದುಕೊಂಡಿದ್ದೇನೆ ಎಂದು ಗಾಳಿಪಟಕ್ಕೆ ತಿಳಿಸಿದೆ. ನನ್ನ ನೋಟ್‌ಬುಕ್ಕಿನ ಪುಟದ ಫೋಟೋ ಬೇಕಂತೆ. ಆ ಸಾಲಿನ ಕೊನೆಗೆ ಏಳು ಸೆಕೆಂಡೂ ಇದೆ.

ಇವರು ಮೆಲ್ಲಗೆ ಬಂದು ಪಕ್ಕದಲ್ಲಿ ಕೂತರು. "ಆ ತುದಿ ಮೇಲೆ ಹೆಬ್ಬೆರಳಿಟ್ಟು ಫೋಟೋ ತೆಗಿ. ಯಾರಿಗೆ ಗೊತ್ತಾಗುತ್ತೆ? ಪಾಪ, ಬಿದ್ದು ಎದ್ದು ಬಂದ ಹುಡುಗಿ."

ಸೊಸೆಯೂ ಉಗುರು ಕಚ್ಚುತ್ತಿದ್ದಳು. "ಕಾರು ಹಿಡಿದಿದ್ದು ನಿಜ ಅಂತ ಗೊತ್ತಾದ್ರೆ ಪೂರ್ತಿ ಮುಳುಗಿಸಿಬಿಡ್ತಾರೆ ಅತ್ತೆ."

ನನಗೂ ಭಯವೇ. ಆದರೆ ಎಷ್ಟು ಡ್ರೈವರುಗಳು "ಅಕ್ಕ, ಒಂದೆರಡು ನಿಮಿಷ ಕಡಿಮೆ ಬರ್ಕೊಳ್ಳಿ" ಅಂತ ಗೋಗರೆದಿಲ್ಲ? ಒಂದು ಸಲವೂ ಬರೆದುಕೊಳ್ಳಲಿಲ್ಲ. ಇವತ್ತು ಹೆಬ್ಬೆರಳಿಟ್ಟರೆ ನನ್ನ 11.31.40ಕ್ಕೆ ಯಾವ ಬೆಲೆ?

ಪುಟ ಪೂರ್ತಿ ಹಾಕಿದೆ. 6.38. ಆಮೇಲೆ ಒಳಗೆ ಹೋಗಿ ಸುಮ್ಮನೆ ಮುಖ ತೊಳೆದುಕೊಂಡೆ.

ಮಾರ್ಚ್ 13, ಶುಕ್ರವಾರ, ಬೆಳಿಗ್ಗೆ

83 ವಾಪಸ್!! ಕಿಟಕಿ ಹಿಡಿದದ್ದಕ್ಕೆ ಅವಳ ಸಮಯಕ್ಕೆ ಇಪ್ಪತ್ತು ಸೆಕೆಂಡು ಸೇರಿಸಿದ್ದಾರೆ. ಅಷ್ಟೇ.

ಗಾಳಿಪಟದ ಫೋನ್ ಬಂತು. ದನಿ ಕೇಳಿ ತಬ್ಬಿಬ್ಬಾದೆ — ಅವನಲ್ಲ, ಅವಳು! ಇಷ್ಟು ದಿನ "ಏನಪ್ಪ" ಎಂದೇ ಬರೆಯುತ್ತಿದ್ದೆ. ಪುಣ್ಯಾತ್ಗಿತ್ತಿ ಒಮ್ಮೆಯೂ ತಿದ್ದಲಿಲ್ಲ.

"ಮೇಡಂ, ಫೋಟೋಗಳನ್ನೆಲ್ಲ ಅನುಮಾನದಿಂದಲೇ ನೋಡ್ತಿದ್ರಂತೆ. ನಿಮ್ಮ ಪುಟ ಬಂದಮೇಲೆ ಹಿರಿಯ ತೀರ್ಪುಗಾರರು ಹೇಳಿದ್ರಂತೆ — ಈ ಹುಡುಗಿಗೆ ಬೇಕಾದವರಾಗಿದ್ರೆ ಏಳು ಸೆಕೆಂಡಿನ ವಿಷಯ ಬರೀತಿರ್ಲಿಲ್ಲ, ಇದನ್ನ ನಂಬಬಹುದು ಅಂತ."

ಮೂವತ್ನಾಲ್ಕು ವರ್ಷದಲ್ಲಿ ನನ್ನ ರಿಜಿಸ್ಟರಿನ ಬಗ್ಗೆ ಯಾರೂ ಒಂದು ಮಾತು ಆಡಿದವರಲ್ಲ. ಇವರು ಹಾಲು ತರುತ್ತೇನೆಂದು ಹೋದವರು ಒಂದು ಗಂಟೆ ಬಿಟ್ಟು ಬಂದರು, ಹಾಲಿಲ್ಲದೆ. ಬೀದಿಗೆಲ್ಲ ಸುದ್ದಿ ಹಂಚಿ ಮುಗಿದಿತ್ತು. "ನಮ್ಮನೆಯವಳ ಕಣ್ಣು ತಪ್ಪಿಸೋಕೆ ನಂಗೇ ಆಗಿಲ್ಲ, ಸೈಕಲ್ ಏನು ಮಹಾ!" ಅಂದರಂತೆ.

ಮಾರ್ಚ್ 15, ಭಾನುವಾರ, ಬೆಳಿಗ್ಗೆ 9.30

ನಿನ್ನೆ ಬರೆಯಲು ಪುರಸೊತ್ತೇ ಸಿಗಲಿಲ್ಲ. ಪೇಜಿನಲ್ಲಿ ಈಗ ನಾಲ್ಕು ಸಾವಿರ ಜನ. ಹೊಸ ನಿಯಮ: ಕೊನೆಯವಳು ದಾಟುವವರೆಗೆ ಯಾರೂ ಜಾಗ ಬಿಡುವಂತಿಲ್ಲ.

ಇವತ್ತು ಕೊನೆಯ ದಿನ. ಸೊಸೆಯ ಜೊತೆ ಮೊದಲ ಬಸ್ಸಿಗೇ ಬಂದೆ. ಮುಕ್ತಾಯದ ಗೆರೆಯ ಹತ್ತಿರವೇ ನನ್ನ ಕುರ್ಚಿ. ಬೇಕರಿಯವರು ಬಂದು ಕೈ ಹಿಡಿದುಕೊಂಡರು, ಮತ್ತೆ ಹಿಂದಿನ ತಿರುವಿನ ತಮ್ಮ ಜಾಗಕ್ಕೆ ಹೋದರು. ಗಾಳಿಪಟ ನನ್ನ ಭುಜದಷ್ಟೂ ಇಲ್ಲ! ಗಂಟಲು ಮಾತ್ರ ಧ್ವನಿವರ್ಧಕ.

ಆಮೇಲೆ 83 ಹುಡುಕಿಕೊಂಡು ಬಂದಳು. ಸೊಸೆಗಿಂತ ಚಿಕ್ಕವಳು.

"ನೀವೇನಾ? ಇಪ್ಪತ್ತು ಸೆಕೆಂಡು ಹೋಯ್ತಲ್ಲಮ್ಮ ನಂಗೆ!"

"ಹೋಯ್ತು. ನಾನೇ ಬರೆದದ್ದು."

ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ಬರೆದಿದ್ದಕ್ಕೇ ಇಲ್ಲಿ ನಿಂತಿದ್ದೀನಿ. ನಮ್ಮಪ್ಪ ಊರಲ್ಲಿ ನಿಮ್ಮ ಪೇಜ್ ನೋಡ್ತಾ ಕೂತಿರ್ತಾರೆ, ಅವರಿಗೆ ಬೇರೆ ದಾರಿ ಇಲ್ಲ. ಎಷ್ಟೇ ಹಿಂದೆ ಬಿದ್ದಿದ್ರೂ ನನ್ನ ನಂಬರ್ ಹಾಕ್ಬೇಕು ನೀವು."

"ಹಾಕ್ತೀನಿ. ನೀನು ತುಳಿ ಹೋಗಮ್ಮ."

11.47

ಕೊನೆಯ ಸುತ್ತು. ಇಬ್ಬರು ಗುಂಪು ಬಿಟ್ಟು ಮುಂದೆ ಬಂದಿದ್ದಾರೆ. ಬೇಕರಿಯವರು ಹಿಂದಿನ ತಿರುವಿನಿಂದ ಹಾಕಿದ್ದಾರೆ: ಒಬ್ಬಳ ನಂಬರು ಎಂಟರಿಂದ ಶುರು, ಎರಡನೇ ಅಂಕಿ ಕಾಣಲಿಲ್ಲ. ಸೊಸೆ ನನ್ನ ತೋಳು ಹಿಸುಕುತ್ತಿದ್ದಾಳೆ, ಅಕ್ಷರವೆಲ್ಲ ಸೊಟ್ಟ. ಸೀಟಿ ಕೇಳಿಸಿತು. ಜನ ಎದ್ದು ನಿಂತರು, ನಾನೂ ಕುರ್ಚಿ ಹತ್ತಿದ್ದೇನೆ, ಈ ವಯಸ್ಸಿನಲ್ಲಿ! ಬಂದರು... ಬಿಳಿ ಸೈಕಲ್ ಎಡಕ್ಕೆ... 83 — 11.52.04