ನನ್ನ ಮೊಳಕೆಗಳ ಬೀರುವಿನಲ್ಲಿ ನಿನ್ನ ಬಾಳೆಕಾಯಿ

ಅಣ್ಣಾ,

ಎಬ್ಬಿಸಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಜಗಳ ಆಗುತ್ತೆ ಅಂತ ಬರೆದಿಟ್ಟು ಹೋಗ್ತಿದ್ದೀನಿ.

ಲ್ಯಾಬಿಗೆ ಅಂತ ನಾನು ಕತ್ತಲಲ್ಲಿ ಮೊಳಕೆ ಬೆಳೆಸ್ತಿದ್ದ ಬೀರುವಿನಲ್ಲಿ ಬಾಳೆಕಾಯಿ ಇಟ್ಟಿದ್ದೀಯ, ಜೊತೆಗೊಂದು ಮಾಗಿದ ಸೇಬು ಬೇರೆ. ಮಾಗಿದ ಹಣ್ಣು ಬಿಡೋ ಗಾಳಿಗೆ ಪಕ್ಕದ ಕಾಯಿ ಹಣ್ಣಾಗುತ್ತೆ ಅಂತ ನನಗೆ ಮೊದಲು ತೋರಿಸಿಕೊಟ್ಟಿದ್ದೇ ನೀನು, ನಿನ್ನ ಹಣ್ಣಿನಂಗಡೀಲಿ. ಆ ಗಾಳಿಯೇ ಎಥಿಲೀನ್. ಅದು ಮೊಳಕೆಗೂ ತಾಗುತ್ತೆ ಅಂತ ಹೊಳೀಲಿಲ್ವಾ? ಎಲ್ಲಾ ಕುಳ್ಳಗೆ, ದಪ್ಪಗೆ, ತಲೆ ಬಗ್ಗಿಸಿಕೊಂಡು ನಿಂತಿವೆ. ಇವತ್ತು ಲ್ಯಾಬಲ್ಲಿ ಮೇಡಂಗೆ ಏನು ತೋರಿಸಲಿ, ನಿನ್ನ ತಲೆನಾ?

ಭೂಮಿ ಮೇಲೆ ಹೂವು ಹಣ್ಣು ಹುಟ್ಟೋದಕ್ಕೆ ಎಷ್ಟೋ ಮುಂಚೆ, ನೀರಲ್ಲಿದ್ದ ಪಾಚಿಗೇ ಈ ಗಾಳಿಯ ಸುಳಿವು ಸಿಗ್ತಿತ್ತು. ಆ ಬುದ್ಧಿಯನ್ನ ಗಿಡಗಳು ಇವತ್ತಿಗೂ ಮರೆತಿಲ್ಲ. ಬೀರು ಮುಟ್ಟಬೇಡ ಅಂದಿದ್ದನ್ನ ನೀನು ವಾರದೊಳಗೆ ಮರೆತೆ.

ಸೇಬು ಆಚೆ ಎಸೆದಿದ್ದೀನಿ. ಆ ಗಾಳಿ ಪೂರ್ತಿ ಹೋಗೋವರೆಗೂ ಬೀರು ತೆರೆದೇ ಇರಲಿ. ಹೊಸ ಬೀಜ ನೆನೆಹಾಕಿದ್ದೀನಿ, ಆ ಬಟ್ಟಲಿನ ಹತ್ತಿರ ಸುಳೀಬೇಡ.

ಬಾಳೆಹಣ್ಣು ನನಗೋಸ್ಕರವೇ ಇಟ್ಟಿದ್ದಂತೆ, ಅತ್ತಿಗೆ ಹೇಳಿದ್ರು. ಕೇಳಿ ಸಿಟ್ಟು ಇನ್ನೂ ನೆತ್ತಿಗೇರಿತು. ಎರಡು ತಿಂದೆ. ಚೆನ್ನಾಗಿ ಹಣ್ಣಾಗಿದ್ವು, ಹಾಳಾದ್ದು.