ಉಪವಾಸದ ತಟ್ಟೆಗಳು

ಪ್ರಯೋಗಾಲಯದ ಮುಖ್ಯಸ್ಥರಿಗೆ ಉಗ್ರಾಣದವನ ನಮಸ್ಕಾರಗಳು.

ನಿನ್ನೆ ನಿಮ್ಮ ವಿದ್ಯಾರ್ಥಿನಿಯನ್ನು ಎಲ್ಲರೆದುರು ಬೈದಿರಿ. "ಹಸಿದ ಜೀವಕೋಶದಲ್ಲೂ ರೋಮ ಎದ್ದಿಲ್ಲ ಅಂದ್ರೆ ನಿನಗೆ ತಟ್ಟೆಯಲ್ಲಿ ಕೋಶ ಸಾಕೋಕೇ ಬರಲ್ಲಮ್ಮ. ಈ ಕೆಲಸ ಬೇರೆಯವರಿಗೆ ಕೊಡ್ತೀನಿ" ಅಂದಿರಿ. ನಾನು ಕೈಗವಸಿನ ಪೆಟ್ಟಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

ಹೋದ ವಾರ ತನ್ನ ತಾಯಿಯ ಆಪರೇಷನ್‌ಗೆ ಹೊರಟಾಗ ಅವಳು, "ಅಣ್ಣಾ, ಇನ್‌ಕ್ಯುಬೇಟರ್ ಬಿಸಿ ಇಳೀದ ಹಾಗೆ ನೋಡ್ಕೊಳ್ಳಿ, ಅಷ್ಟು ಸಾಕು" ಅಂದಿದ್ದಳು. ನಾನು ಅಷ್ಟಕ್ಕೇ ನಿಲ್ಲುವ ಆಸಾಮಿಯೇ? ಆ ತಟ್ಟೆಗಳ ಹೆಸರಿನಲ್ಲಿ ಉಗ್ರಾಣದಿಂದ ಸೀರಮ್, ಅಂದರೆ ಕೋಶಗಳ ಊಟ, ಹೋಗಿರಲಿಲ್ಲ. ಗಾಬರಿಯಲ್ಲಿ ಮರೆತಿದ್ದಾಳೆ, ಪಾಪ ಹಸಿದಿವೆ ಎಂದು ನಾನೇ ಹಾಕಿದೆ. ಇಲ್ಲಿ ಬಾಟಲಿ ತೊಳೆಯುತ್ತ ಮೇಲೆ ಬಂದವನು ನಾನು, ನೋಡಿ ಕಲಿತ ಕೈ ನನ್ನದು.

ಅವಳು ಬೇಕೆಂದೇ ಅವನ್ನು ಉಪವಾಸ ಇಟ್ಟಿದ್ದಳು, ಹಸಿವೇ ಅವುಗಳಿಗೆ ಸಂಕೇತ ಎಂದು ನಿಮ್ಮ ಬೈಗುಳದಿಂದ ತಿಳಿಯಿತು. ಊಟ ನಿಂತರೆ ಕೋಶವು ಒಂದು ಎರಡಾಗುವ ಆಟ ಬಿಟ್ಟು, ಸುತ್ತಲ ಸುದ್ದಿ ಹಿಡಿಯಲು ಒಂದು ರೋಮ ಎತ್ತುತ್ತದಂತೆ. ಊಟ ಸಿಕ್ಕರೆ ಅದನ್ನು ಒಳಗೆಳೆದುಕೊಳ್ಳುತ್ತದಂತೆ. ನೀವು ಹುಡುಕಿದ ರೋಮಗಳನ್ನು ನುಂಗಿದ್ದು ನನ್ನ ಉಪಕಾರ.

ಕೆಲಸ ಅವಳ ಕೈಯಲ್ಲೇ ಇರಲಿ. ಹೊಸ ತಟ್ಟೆಗಳನ್ನು ಅವಳ ಮೇಜಿನ ಮೇಲಿಟ್ಟಿದ್ದೇನೆ. ಸೀರಮ್ ಕಪಾಟಿನ ಕೀಲಿಕೈ ಈ ಪತ್ರದ ಜೊತೆಗಿದೆ. ನಿಮ್ಮ ಬಳಿಯೇ ಇಟ್ಟುಕೊಳ್ಳಿ.

ಅವಳಿಗೆ ನೀವೇ ತಿಳಿಸಬೇಕು. ಬೆಳಿಗ್ಗೆ ನಾನೇ ಹೇಳಲೆಂದು ಹೋಗಿದ್ದೆ. ಅತ್ತು ಕೆಂಪಾದ ಕಣ್ಣಲ್ಲೇ ಚಹಾ ತಂದುಕೊಟ್ಟು, "ನಾನಿಲ್ದಾಗ ಅವನ್ನ ನೋಡ್ಕೊಂಡಿದ್ದು ನೀವೊಬ್ರೇ ಅಣ್ಣಾ" ಎಂದಳು. ಚಹಾ ಮುಗಿಸಿ, ಲೋಟ ತೊಳೆದಿಟ್ಟು ಬಂದೆ.

ಇಂತಿ,
ತಪ್ಪಿತಸ್ಥ ಉಗ್ರಾಣದವನು